ಇಲ್ಲದ ಜನಕ್ಕೆ ಅಜ್ಜಿಕಥೆ ಕಟ್ಟಿದ್ದು: ನನ್ನ ಅನುಭವ

'ಕಲ್ಪನೆಯ ಜನಾಂಗಕ್ಕೆ ಜಾನಪದ ಬರೆಯೋಕೆ ಆಗಲ್ಲ ಮಾರಾಯಾ, ಅದು ಬರೆದು ಆಗೋ ವಸ್ತು ಅಲ್ಲ' ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಬರೆಯೋಕೆ ಆಗಲ್ಲ. ಕೊನೆಗೆ ನಾನೂ ಬರೆಯಲಿಲ್ಲ, ಬೇರೆಯವರ ಬಾಯಿಗೆ ಹಾಕಿ ಸವೆಸಿದೆ. ಅದು ಕೆಲಸ ಮಾಡಿತು. 'ಒಡ್ಡಿನವರು' ಅನ್ನೋ ಜನದ ಬಗ್ಗೆ ನಾನು ಬರೆದ ಎರಡನೇ ಕಾದಂಬರಿಯನ್ನ ಹೋದ ವರ್ಷ ಓದಿದ ಒಬ್ಬರು ಫೋನ್ ಮಾಡಿ, 'ಈ ಒಡ್ಡಿನವರು ಹೊನ್ನಾವರದ ಕಡೆಯವರಾ, ಅಂಕೋಲಾ ಕಡೆಯವರಾ?' ಅಂತ ಕೇಳಿದರು. ಎರಡೂ ಅಲ್ಲ, ನನ್ನ ತಲೆಯೊಳಗಿನವರು ಅಂದೆ. ನಂಬಲಿಲ್ಲ.

ಅಲ್ಲಿಗೆ ಮುಟ್ಟೋಕೆ ಆರು ವರ್ಷ ಮತ್ತು ಸುಮಾರು ಒಂದೂವರೆ ಲಕ್ಷ ಹೋಯಿತು.

ಮೊದಲ ಪುಸ್ತಕದ ಕಥೆ ಕೇಳಿ. ಅದರಲ್ಲಿ ನನ್ನ ಜನದ ಹೆಸರು 'ಸಾಗರವಂಶಿಗಳು'. ಈಗ ನೆನೆಸಿಕೊಂಡರೆ ಮೈ ಉರಿಯುತ್ತೆ, ಟಿವಿ ಸೀರಿಯಲ್ ಹೆಸರಿನ ಹಾಗಿದೆ. ಅವರಿಗೆ ಮೂರು ದೇವತೆಗಳು, ಒಂದು ಸೃಷ್ಟಿಕಥೆ, ಏಳು ಹಬ್ಬ, ಒಂದು ಲಿಪಿ. ಲಿಪಿಗೇ ನಾಲ್ಕು ತಿಂಗಳು ಕೂತಿದ್ದೆ. ಐನೂರು ಪ್ರತಿ ಹಾಕಿಸಿದೆ, ಅರವತ್ತು ಸಾವಿರ ಚಿಲ್ಲರೆ ಖರ್ಚು. ನೂರಿಪ್ಪತ್ತು ಹೋಗಿರಬಹುದು, ಅದರಲ್ಲೂ ಅರ್ಧ ನಾನೇ ಪುಕ್ಕಟೆ ಕೊಟ್ಟಿದ್ದು. ಉಳಿದವು ಅಟ್ಟದಲ್ಲಿ ಗೆದ್ದಲಿಗೆ ಆದವು. ಗೆದ್ದಲಾದರೂ ಪೂರ್ತಿ ಓದಿತು ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಅದಕ್ಕಿಂತ ನೋವಾಗಿದ್ದು ಬೇರೆ. ಕೊಡಗಿನ ಕಡೆ ದೇವರಿಗೇ ಬೈಯುವ ಕುಂಡೆ ಹಬ್ಬ ಇದೆಯಲ್ಲ, ಅದನ್ನ ಹೆಸರು ಬದಲಿಸಿ ಹಾಗೇ ಎತ್ತಿ ಹಾಕಿದ್ದೆ. ಆ ಕಡೆಯ ಹುಡುಗನೊಬ್ಬ ಒಂದು ಕಾರ್ಯಕ್ರಮದಲ್ಲಿ ಎದ್ದು ನಿಂತು, 'ನಮ್ಮ ಹಬ್ಬ ನಿಮ್ಮ ಸುಳ್ಳು ಜನಕ್ಕೆ ಯಾಕೆ ಕೊಟ್ಟಿರಿ ಸಾರ್?' ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಗುಳ ಮಾತ್ರ ತಂದಿದ್ದೆ, ಅದರ ಹಿಂದಿನ ಕಾಡು, ಕೂಲಿ, ಸಿಟ್ಟು ಯಾವುದನ್ನೂ ತಂದಿರಲಿಲ್ಲ.

ಎರಡನೇ ಸಲ ದೇವರನ್ನ ಪಕ್ಕಕ್ಕಿಟ್ಟು ಕೆಲಸದಿಂದ ಶುರು ಮಾಡಿದೆ. ನಾನು ಕುಮಟಾ ಕಡೆಯವನು. ಅಘನಾಶಿನಿ ನದಿಯ ಗಜನಿ ಗದ್ದೆ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ ನೋಡಿ ಬೆಳೆದವನು. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಗೊತ್ತಲ್ಲ? ಗೊಬ್ಬರ ಬೇಡ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ದಂಟನ್ನ ನೀರಲ್ಲೇ ಬಿಡುತ್ತಾರೆ, ಆಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಇದೆಲ್ಲ ನಿಂತಿರೋದು ಒಂದು ಮಣ್ಣಿನ ಒಡ್ಡಿನ ಮೇಲೆ. ಒಡ್ಡು ಒಡೆದರೆ ಆ ವರ್ಷ ಮುಗಿಯಿತು. ಹಾಗಾದರೆ ಒಡ್ಡು ಕಾಯೋದೇ ಕಸುಬಾದ ಒಂದು ಜನ ಇದ್ದರೆ? ನದಿಗೆ ಬೇರೆ ಹೆಸರು ಕೊಟ್ಟು, ನಲವತ್ತು ಮನೆ ಇಟ್ಟೆ. ಅವರು ತಮ್ಮನ್ನ 'ಒಡ್ಡಿನವರು' ಅಂದುಕೊಳ್ಳುತ್ತಾರೆ. ಸುತ್ತಲಿನವರು 'ಕೆಸರುಗಾಲು' ಅಂತಾರೆ. ಈ ಎರಡು ಹೆಸರು ಸಿಕ್ಕ ದಿನವೇ ಅರ್ಧ ಪುಸ್ತಕ ಸಿಕ್ಕ ಹಾಗಾಯಿತು.

ಮನೆ ಲೆಕ್ಕ ಯಾಕೆ ಅಂದರೆ, 1703ರಲ್ಲಿ ಜಾರ್ಜ್ ಸಾಲ್ಮನಾಜರ್ ಅನ್ನೋ ಮನುಷ್ಯ ಲಂಡನ್ನಿಗೆ ಬಂದು ತಾನು ಫಾರ್ಮೋಸಾದವನು, ಅಂದರೆ ಈಗಿನ ತೈವಾನಿನವನು ಅಂತ ಬಹಳ ಜನರನ್ನ ನಂಬಿಸಿದ. ಮರುವರ್ಷ ಪುಸ್ತಕವನ್ನೇ ಬರೆದ. ಅಕ್ಷರಮಾಲೆ, ಪಂಚಾಂಗ, ಪೂಜೆ ಎಲ್ಲ ಕಟ್ಟುಕಥೆ. ಅಲ್ಲಿ ವರ್ಷಕ್ಕೆ 18,000 ಗಂಡುಮಕ್ಕಳ ಬಲಿ ಅಂತ ಬರೆದು ಪೇಚಿಗೆ ಸಿಕ್ಕ. ಹಾಗಾದರೆ ದ್ವೀಪದಲ್ಲಿ ಉಳಿದವರು ಯಾರು ಅಂತ ಜನ ಕೇಳಿದರು. ನನ್ನದೂ ಅದೇ ಕಥೆ. ಏಳು ಹಬ್ಬದಲ್ಲಿ ನಾಲ್ಕು ಕೊಯ್ಲಿನ ತಿಂಗಳಲ್ಲೇ ಬಂದಿದ್ದವು. ನಲವತ್ತು ಮನೆಯವರು ಹಬ್ಬ ಮಾಡಬೇಕಾ, ತೆನೆ ಕೊಯ್ಯಬೇಕಾ? ಒಂದೇ ಹಬ್ಬ ಉಳಿಸಿದೆ.

ಆಮೇಲೆ ಕಥೆ. ಒಡ್ಡು ನಿಲ್ಲದೆ ಹೋದಾಗ ಮನೆಯ ಕಿರಿಸೊಸೆ ತಾನೇ ಒಡ್ಡಿನೊಳಗೆ ಮಲಗಿ ನೀರು ತಡೆದಳು ಅಂತ ಒಂದು ಕಥೆ ಕಟ್ಟಿದೆ. ರಾತ್ರಿ ಎರಡು ಗಂಟೆಗೆ ಮುಗಿಸಿ ಕಣ್ಣಲ್ಲಿ ನೀರು ಹಾಕಿಕೊಂಡಿದ್ದೆ. ಬೆಳಿಗ್ಗೆ ಚಾ ಕುಡಿಯುವಾಗ ಹೊಳೆಯಿತು: ಇದು 'ಕೆರೆಗೆ ಹಾರ' ಹಾಡಿನ ಭಾಗೀರಥಿ! ಕಲ್ಲನಕೇರಿ ತೆಗೆದು ಗಜನಿ ಹಾಕಿದ್ದೆ, ಅಷ್ಟೇ. ನಮ್ಮ ತಲೆಯೊಳಗೆ ಎಷ್ಟು ಕೂತಿರುತ್ತೆ ನೋಡಿ. ಹರಿದು ಹಾಕಿದೆ.

ಬದಲಿಗೆ ಏಡಿ ಹಿಡಿದೆ. ಒಡ್ಡಿಗೆ ತೂತು ಕೊರೆಯುವ ಏಡಿ ಯಾಕೆ ಹಾಗೆ ಮಾಡುತ್ತೆ ಅಂತ ಮೂರು ಪುಟದ ಕಥೆ. ಅದರಲ್ಲಿ ಗಂಗೆ, ಶಾಪ, ವಿಮೋಚನೆ ಎಲ್ಲ ಇತ್ತು. ಸತ್ತ ಕಥೆ. ಬೇಜಾರಾಗಿ ಅದನ್ನ ದೊಡ್ಡಮ್ಮನಿಗೆ ಹೇಳಿದೆ. ವಾರ ಬಿಟ್ಟು ನೋಡಿದರೆ ಅವಳು ಮೊಮ್ಮಗನಿಗೆ ಊಟ ಮಾಡಿಸುತ್ತಾ ಅದನ್ನೇ ಹೇಳುತ್ತಿದ್ದಾಳೆ. ಗಂಗೆ ಇಲ್ಲ, ಶಾಪ ಇಲ್ಲ. ಏಡಿ ಮೊದಲು ಒಡ್ಡಿನ ಕಾವಲುಗಾರ ಅಂತೆ. ಊರವರು ಕೂಲಿ ಕೊಡಲಿಲ್ಲ ಅಂತೆ. 'ಕೂಲಿ ಕೊಡದ ಒಡ್ಡಿಗೆ ನಾನ್ಯಾಕೆ ಕಾವಲು' ಅಂತ ಏಡಿ ಅಡ್ಡಡ್ಡ ನಡೆದು ಹೋಯಿತಂತೆ. ಮಗು ತುತ್ತು ನುಂಗೋದನ್ನೇ ಮರೆತು ಕೇಳುತ್ತಿತ್ತು.

'ದೊಡ್ಡಮ್ಮಾ, ಕೂಲಿ ಎಲ್ಲಿಂದ ಬಂತೇ?' ಅಂತ ಕೇಳಿದೆ.

'ನೀನೇ ಹೇಳಿದ್ಯಲ್ಲೋ ತಮ್ಮಾ' ಅಂದಳು.

ನಾನು ಹೇಳಿರಲಿಲ್ಲ. ಅಲ್ಲಿಂದಲೇ ನನ್ನ ವಿಧಾನ ಶುರು. ಆರೂವರೆ ಸಾವಿರಕ್ಕೆ ಒಂದು ರೆಕಾರ್ಡರ್ ತಗೊಂಡೆ. ಕಥೆಯನ್ನ ಒಬ್ಬರಿಗೆ ಹೇಳೋದು, ಹತ್ತು ಹದಿನೈದು ದಿನ ಬಿಟ್ಟು ಅವರು ಇನ್ನೊಬ್ಬರಿಗೆ ಹೇಳೋದು, ಹೀಗೆ ಏಳು ಬಾಯಿ. ಏಳನೆಯವರು ಹೇಳಿದ್ದನ್ನ ಮಾತ್ರ ಬರೆದುಕೊಳ್ಳೋದು. ಮೂರು ಪುಟದ ಏಡಿ ಕಥೆ ಕೊನೆಗೆ ಹನ್ನೊಂದು ಸಾಲಾಯಿತು. ಅದರಲ್ಲಿ ಒಂದು ಸಾಲೂ ನನ್ನದಲ್ಲ. ಕೂಲಿ ಮಾತು ಮಾತ್ರ ಏಳೂ ಬಾಯಿ ದಾಟಿ ಬಂತು, ಒಂದು ಅಕ್ಷರ ಸವೆಯಲಿಲ್ಲ.

ಖರ್ಚು ಹೇಳ್ತೀನಿ: ಬಸ್ಸು, ಚಾ, ಕವಳ, ಮಕ್ಕಳಿಗೆ ಬಿಸ್ಕಿಟು ಸೇರಿ ಒಂದು ಕಥೆಗೆ ಎಂಟುನೂರರಿಂದ ಸಾವಿರ. ಇಪ್ಪತ್ತಾರು ಕಥೆ ಹೀಗೆ ಬಾಯಿಗೆ ಬಿಟ್ಟೆ, ಒಂಬತ್ತು ಬದುಕಿದವು. ಉಳಿದವು ಮೂರು ನಾಲ್ಕನೇ ಬಾಯಲ್ಲೇ, 'ಏನೋ ಇತ್ತಪ್ಪ, ಮರೆತೋಯ್ತು' ಆದವು. ಮರೆತುಹೋಗಿದ್ದನ್ನ ನೆನಪಿಸೋಕೆ ಹೋಗಬೇಡಿ. ನಾನು ಒಂದೆರಡು ಸಲ ಹೋಗಿ ಕೆಡಿಸಿಕೊಂಡೆ. ಏಳು ಜನರನ್ನ ಯಾವ ಸಾಲಿನಲ್ಲಿ ಇಡಬೇಕು, ನಾಲ್ಕನೆಯವರು ಯಾರಾಗಿರಬೇಕು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೇ ನನಗೆ ಎರಡು ವರ್ಷ ಹಿಡಿದಿದೆ.

ಒಂದೇ ಕಥೆಯನ್ನ ಜನರ ಎರಡು ಬೇರೆ ಸಾಲಿಗೆ ಬಿಟ್ಟರೆ ಎರಡು ಕಥೆ ಬರುತ್ತೆ. ಮೊದಲು ಗಾಬರಿಯಾಗಿ ಯಾವುದು ಸರಿ ಅಂತ ಕೂತಿದ್ದೆ. ಆಮೇಲೆ ತುಳುವಿನ ಹಾಡುಗಾರ ಗೋಪಾಲ ನಾಯ್ಕರ ಸಿರಿ ಪಾಡ್ದನ, ಅಂದರೆ ಸಿರಿಯ ಕಥೆ ಹೇಳುವ ಉದ್ದ ಜನಪದ ಹಾಡು, ನೆನಪಾಯಿತು. 1990ರಲ್ಲಿ ಅವರು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡದ ಮುಂದೆ ಹಾಡಿದ್ದು 15,683 ಸಾಲು. ಅದಕ್ಕೂ ಮೊದಲು ಅವರೇ ಹೇಳಿ ಬರೆಸಿದ್ದು ಹೆಚ್ಚು ಕಡಿಮೆ ಅದರ ಅರ್ಧ. ಒಂದೇ ಬಾಯಿಗೆ ಹೀಗಿರುವಾಗ ನಂದೇನು? ಎರಡೂ ಇಟ್ಟುಕೊಂಡೆ. ಮೇಲಿನ ಕೇರಿಯವರ ಪ್ರಕಾರ ಏಡಿ ಮೋಸ ಹೋದವನು, ಕೆಳಗಿನ ಕೇರಿಯವರ ಪ್ರಕಾರ ಕಳ್ಳ. ಕಾದಂಬರಿಯ ಮದುವೆ ಜಗಳ ಪೂರ್ತಿ ಇದರ ಮೇಲೇ ನಿಂತಿದೆ.

ನಡುವೆ ಒಂದು ಹುಚ್ಚು ಹತ್ತಿತ್ತು. ಇವರು ದಿನ ಎಣಿಸಲ್ಲ, ಉಬ್ಬರ ಎಣಿಸುತ್ತಾರೆ ಅಂತ ಮಾಡಿದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 57 ಉಬ್ಬರ, ವರ್ಷಕ್ಕೆ 705ರ ಆಸುಪಾಸು. 'ಹುಡುಗಿಗೆ ಹನ್ನೆರಡು ಸಾವಿರ ಉಬ್ಬರ ತುಂಬಿತು' ಅಂದರೆ ಹದಿನೇಳು ವರ್ಷ. ಉಬ್ಬರ ದಿನಕ್ಕೆ ಐವತ್ತು ನಿಮಿಷ ತಡವಾಗುತ್ತಾ ಹೋಗೋದರಿಂದ ಇವರು ಸಂತೆಗೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬರಲ್ಲ. ನನಗೆ ಬಹಳ ಖುಷಿ. ಹಸ್ತಪ್ರತಿ ಓದಿದ ಗೆಳೆಯ ಮಾತ್ರ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿದ. ತೆಗೆದುಬಿಟ್ಟೆ. ಸಂತೆಗೆ ತಡವಾಗಿ ಬರೋದು ಒಂದನ್ನ ಉಳಿಸಿದೆ.

ಗಾದೆ ಇನ್ನೂ ಕಷ್ಟ. ಒಂದೇ ವಾರದಲ್ಲಿ ಇನ್ನೂರು ಬರೆದಿದ್ದೆ, ಎಲ್ಲ ಕ್ಯಾಲೆಂಡರ್ ಹಿಂದಿನ ನುಡಿಮುತ್ತು. ಗಾದೆಯನ್ನ ಕಥೆಯ ಹಾಗೆ ಹೇಳಿ ಕಳಿಸೋಕೆ ಆಗಲ್ಲ. ಸುಮ್ನೆ ಮಾತಿನ ಮಧ್ಯೆ ಬಿಡಬೇಕು. ಮೀನು ಪೇಟೆ, ರೇಷನ್ ಅಂಗಡಿಯ ಸಾಲು, ಸಲೂನು. ಕೇಳಿದವರು 'ಹಾಂ?' ಅಂದರೆ ಆ ಗಾದೆ ಸತ್ತಿತು. ತಲೆಯಾಡಿಸಿ ಮುಂದಿನ ಮಾತಿಗೆ ಹೋದರೆ ಪಾಸು. 'ಒಡ್ಡು ಕಾಯೋನಿಗೆ ನಿದ್ದೆ ಸಾಲ' ಅನ್ನೋದು ಹೀಗೆ ಪಾಸಾಯಿತು. ನಾಲ್ಕೈದು ತಿಂಗಳ ಮೇಲೆ ಅದೇ ಸಲೂನಿನವನು ಇನ್ಯಾರಿಗೋ ಆ ಮಾತು ಹೇಳಿ, 'ನಮ್ಮಜ್ಜಿ ಹೇಳ್ತಿದ್ಲು' ಅಂತ ಸೇರಿಸಿದ. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದ ನನಗೆ ನಗು ತಡೆಯೋಕೆ ಆಗಲಿಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ಭಯವೂ ಆಯಿತು. ಅವತ್ತಿಂದ ಹೊರಗೆ ಗಾದೆ ಬಿಡೋದು ನಿಲ್ಲಿಸಿದೆ. ಪುಸ್ತಕದ ಮೊದಲ ಪುಟದಲ್ಲೇ 'ಈ ಜನ ಎಲ್ಲೂ ಇಲ್ಲ' ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಫೋನ್ ಮಾಡಿದವರು ಅದನ್ನ ಓದಿಯೂ ನಂಬಲಿಲ್ಲ, ಅದು ಬೇರೆ ಮಾತು.

ಎರಡನೇ ಪುಸ್ತಕ ಮುನ್ನೂರು ಪ್ರತಿ ಎಂಟು ತಿಂಗಳಲ್ಲಿ ಖಾಲಿ. ಹಾಕಿದ ದುಡ್ಡು ಬಂದು ಮೇಲೆ ಏಳೆಂಟು ಸಾವಿರ ಉಳಿಯಿತು. ಅಟ್ಟ ರಿಪೇರಿಗೆ ಆಯಿತು.

ಈಗ ಮೂರನೆಯದಕ್ಕೆ ಒಡ್ಡಿನವರ ಸಾವಿನ ಹಾಡು ಬೇಕು. ನಾಲ್ಕು ಸಲ ಬಿಟ್ಟಿದ್ದೇನೆ, ನಾಲ್ಕೂ ಸಲ ಎರಡನೇ ಬಾಯಿಗೇ ನಿಂತಿದೆ. ಕೇಳುತ್ತಾರೆ, ಸುಮ್ಮನೆ ಕೂತಿರುತ್ತಾರೆ. ಮುಂದಿನವರಿಗೆ ಹೇಳಿ ಅಂದರೆ ದೊಡ್ಡಮ್ಮ ಕೂಡ, 'ಸಂಜೆ ಹೊತ್ತು ಅದನ್ನೆಲ್ಲ ಹೇಳಬಾರದೋ' ಅಂತ ಎದ್ದು ಒಳಗೆ ಹೋಗುತ್ತಾಳೆ. ಬೆಳಿಗ್ಗೆ ಹೋಗಿ ಕೇಳಿದರೆ ಕೆಲಸ ಇದೆ ಅಂತಾಳೆ.