ಮೂರು ರಾಯರ ಹಬ್ಬದಿಂದ ಗೋದಲಿ ಎತ್ತಿಡುವವರೆಗೆ

ಕ್ರಿಸ್ಮಸ್‌ಗೆ ಕಟ್ಟಿದ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ-ಮಾದರಿ) ಬಿಚ್ಚುವ ದಿನ ಯಾವುದೆಂದು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಡಿಸೆಂಬರ್ 25ರಿಂದ ಎಣಿಸಿದರೆ ಕ್ರಿಸ್ಮಸ್ಸಿನ ಹನ್ನೆರಡು ದಿನ ಜನವರಿ 5ಕ್ಕೆ ತುಂಬುತ್ತದೆ. 6ರಂದು ಮೂರು ರಾಯರ ಹಬ್ಬ, ಅಂದರೆ ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ನೆನಪಿನ ದಿನ. ಕಥೋಲಿಕ ಪಂಚಾಂಗದಲ್ಲಿ ಕ್ರಿಸ್ಮಸ್ ಕಾಲ ಇನ್ನೂ ಸ್ವಲ್ಪ ಮುಂದೆ ಹೋಗಿ ಯೇಸುವಿನ ದೀಕ್ಷಾಸ್ನಾನದ ಹಬ್ಬದಂದು ಮುಗಿಯುತ್ತದೆ. 2027ರಲ್ಲಿ ಅದು ಜನವರಿ 10, ಭಾನುವಾರ. ರಾಯರ ಹಬ್ಬವನ್ನು ಭಾನುವಾರಕ್ಕೆ ಸರಿಸುವ ಕಡೆ, ಆ ಭಾನುವಾರ 7 ಅಥವಾ 8ನೇ ತಾರೀಕಿಗೆ ಬಿದ್ದರೆ ದೀಕ್ಷಾಸ್ನಾನದ ಹಬ್ಬ ಮರುದಿನ ಸೋಮವಾರವೇ ಬರುತ್ತದೆ. ನಲವತ್ತನೇ ದಿನವಾದ ಫೆಬ್ರವರಿ 2ರವರೆಗೆ ಗೋದಲಿ ಉಳಿಸುವ ಹಳೆಯ ವಾಡಿಕೆಯೂ ಇದೆ. ನಾನು ಕೆಲಸವನ್ನು ಎರಡು ಸಂಜೆಗೆ ಹಂಚುತ್ತೇನೆ: 6ರಂದು ಜಪ ಮತ್ತು ಬಾಗಿಲ ಬರಹ, ದೀಕ್ಷಾಸ್ನಾನದ ಹಬ್ಬದಂದು ಬಿಚ್ಚುವುದು. ಎರಡನ್ನೂ ಒಂದೇ ಸಂಜೆಗೆ ತುರುಕಿದರೆ ಜಪ ಗಡಿಬಿಡಿಯಲ್ಲಿ ಮುಗಿದುಹೋಗುತ್ತದೆ.

ರಾಯರ ಗೊಂಬೆಗಳನ್ನು ಕ್ರಿಸ್ಮಸ್ ದಿನವೇ ಗೋದಲಿಯೊಳಗೆ ಇಡಬೇಡಿ. ಕೋಣೆಯ ಆಚೆ ಮೂಲೆಯಿಂದ ದಿನಕ್ಕಿಷ್ಟು ಸರಿಸುತ್ತಾ ಬನ್ನಿ, 6ಕ್ಕೆ ಬಾಲಯೇಸುವಿನ ಮುಂದೆ ನಿಲ್ಲಲಿ. ಈ ಕೆಲಸ ಮಕ್ಕಳದು. ಸಂಜೆ ಮತ್ತಾಯನ ಶುಭಸಂದೇಶದ 2ನೇ ಅಧ್ಯಾಯ, 1ರಿಂದ 12ನೇ ವಚನ ಓದಿ, ಎಲ್ಲರೂ ಮುಂಬಾಗಿಲಿಗೆ ಬನ್ನಿ.

ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಹೀಗೆ: 20 + ಸಿ + ಎಂ + ಬಿ + 27. ಎರಡು ತುದಿಗೆ ಹೊಸ ವರ್ಷದ ಅಂಕಿ, ನಡುವೆ ಕಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಮೂವರು ರಾಯರ ಹೆಸರುಗಳ ಇಂಗ್ಲಿಷ್ ಮೊದಲಕ್ಷರ. ‘ಕ್ರಿಸ್ತನು ಈ ಮನೆಯನ್ನು ಹರಸಲಿ’ ಎಂಬ ಲ್ಯಾಟಿನ್ ಪ್ರಾರ್ಥನೆಯ ಮೊದಲಕ್ಷರಗಳೂ ಇವೇ. ಕೂಡಿಸುವ ಚಿಹ್ನೆಯಂತೆ ಕಾಣುವವು ಶಿಲುಬೆಗಳು. ಎಡದಿಂದ ಶುರುಮಾಡಿದರೆ ಕೊನೆಯ 27ಕ್ಕೆ ಜಾಗ ಸಾಲದೆ ಅಂಕಿ ಮುದುಡುತ್ತದೆ. ಒಟ್ಟು ಒಂಬತ್ತು ಗುರುತುಗಳಲ್ಲಿ ‘ಎಂ’ ಐದನೆಯದು. ಚೌಕಟ್ಟಿನ ಮೇಲ್ಪಟ್ಟಿಯ ನಟ್ಟನಡುವೆ ಅದನ್ನು ಬರೆದು, ಅಲ್ಲಿಂದ ಎರಡೂ ಕಡೆಗೆ ಸಾಗಿ. ಅಕ್ಷರ 4–5 ಸೆಂ.ಮೀ. ಎತ್ತರವಿದ್ದರೆ ಕೆಳಗಿನಿಂದ ಚೆನ್ನಾಗಿ ಕಾಣುತ್ತದೆ. ಮೊದಲು ಒಣಬಟ್ಟೆಯಲ್ಲಿ ಧೂಳು ಒರೆಸಿ, ಧೂಳಿನ ಮೇಲೆ ಬರೆದದ್ದು ನಿಲ್ಲುವುದಿಲ್ಲ. ಹೊಳಪಿನ ಆಯಿಲ್ ಪೇಂಟ್ ಮೇಲೆ ಸೀಮೆಸುಣ್ಣ ಜಾರುತ್ತದೆ. ತುದಿಯನ್ನು ನೀರಿಗೆ ಅದ್ದಿ ಬರೆದರೆ ಮೊದಲು ಮಸುಕಾಗಿ ಕಂಡು, ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಅದೂ ಹಿಡಿಯದಿದ್ದರೆ ಕಪ್ಪು ರಟ್ಟಿನ ಮೇಲೆ ಬರೆದು ಅಂಟಿಸಿ. ಗುರುಗಳು ಮಂತ್ರಿಸಿಕೊಟ್ಟ ಸೀಮೆಸುಣ್ಣ ಸಿಕ್ಕರೆ ಅದನ್ನೇ ಬಳಸಿ.

ಇನ್ನು ಬಿಚ್ಚುವ ಸಂಜೆ. ಟ್ರೀಯಿಂದ ಮೊದಲು ಗಾಜಿನ ಗುಂಡುಗಳು, ಆಮೇಲೆ ಉಳಿದ ಅಲಂಕಾರ, ಕೊನೆಗೆ ಸೀರಿಯಲ್ ಸೆಟ್. ಗುಂಡುಗಳ ತಂತಿಕೊಕ್ಕೆ ತೆಗೆದು ಬೇರೆ ಇಡಿ. ಅವು ತುಕ್ಕು ಹಿಡಿದು ಪಕ್ಕದ ಬಣ್ಣ ಕೆಡಿಸುತ್ತವೆ. ಸುತ್ತಲು ನ್ಯೂಸ್‌ಪೇಪರ್ ಬೇಡ, ಶಾಯಿ ಹತ್ತುತ್ತದೆ. ಸೀರಿಯಲ್ ಸೆಟ್ಟನ್ನು ಒಮ್ಮೆ ಉರಿಸಿ ನೋಡಿ, ಪ್ಲಗ್ ಕಿತ್ತ ಮೇಲೆ ಒಂದು ಅಡಿ ಉದ್ದದ ರಟ್ಟಿಗೆ ಸುತ್ತಿ. ಅಂಗೈ-ಮೊಣಕೈಗೆ ಸುತ್ತಿದರೆ ಪ್ರತಿ ಸುತ್ತಿಗೂ ತಂತಿ ತಿರುಚಿಕೊಂಡು ಬಲ್ಬಿನ ಬುಡದಲ್ಲಿ ಎಳೆತ ಬೀಳುತ್ತದೆ.

ಗೋದಲಿಯ ಗೊಂಬೆಗಳಿಗೆ ಮಾತ್ರ ಅವಸರ ಮಾಡಬಾರದು. ಪ್ಲಾಸ್ಟರ್ ಆಫ್ ಪ್ಯಾರಿಸ್ ನೀರು ಹೀರುವುದರಿಂದ ಒದ್ದೆಬಟ್ಟೆ ತಾಗಿಸಿದರೆ ಬಣ್ಣ ಚಕ್ಕೆಯೆದ್ದು ಬರುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ಮುರಿಯುವುದು ಚಾಚಿದ ಕೈಬೆರಳು, ಕುರಿಮರಿಯ ಕಿವಿ, ದನದ ಕೊಂಬು: ಅವಕ್ಕೆ ಮೊದಲು ಹತ್ತಿ ಸುತ್ತಿ, ಆಮೇಲೆ ಇಡೀ ಗೊಂಬೆಗೆ ಹಳೆಯ ಕಾಟನ್ ಬಟ್ಟೆ. ಹುಲ್ಲನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ, ತೇವವೂ ಹುಳುವೂ ಅದರೊಂದಿಗೇ ಪೆಟ್ಟಿಗೆ ಸೇರುತ್ತವೆ. ಗಿಡದ ಬುಡಕ್ಕೆ ಹಾಕಿ.

ನುಸಿಗುಳಿಗೆಯನ್ನು ಥರ್ಮಾಕೋಲ್ ಗೋದಲಿಯ ಜೊತೆ ಇಡಲೇಬೇಡಿ, ಅದರ ಆವಿಗೆ ಥರ್ಮಾಕೋಲ್ ಮೆತ್ತಗಾಗಿ ಕುಸಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ಬಳಸಿ. ತುಂಬುವ ಕ್ರಮ ಹೀಗಿರಲಿ: ಕೊನೆಗೆ ಬರುವ ರಾಯರು ತಳದಲ್ಲಿ, ಅವರ ಮೇಲೆ ಮರಿಯ, ಜೋಸೆಫ್, ಕುರುಬರು; ಬಾಲಯೇಸುವಿಗೆ ಹೆಸರು ಬರೆದ ಪುಟ್ಟ ಡಬ್ಬಿ. ಎಲ್ಲಕ್ಕಿಂತ ಮೇಲೆ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಹಚ್ಚುವ ಮೇಣದಬತ್ತಿಗಳ ಸ್ಟ್ಯಾಂಡ್, ಮುಂದಿನ ಸಲ ಮೊದಲು ಬೇಕಾಗುವುದು ಅದೇ. ಉಳಿದ ಬತ್ತಿಗಳನ್ನು ಬಿಸಿ ತಾಗದ ಜಾಗದಲ್ಲಿ ಬೇರೆಯಾಗಿ ಇಡಿ.