ಸ್ಪೀಡ್‌ರನ್ ಕಲಿಯುವ ಬಗೆ: ಮಾರಿಯೋ ಆಟವನ್ನೇ ಮುಂದಿಟ್ಟುಕೊಂಡು

ವಿಡಿಯೋ ಗೇಮೊಂದನ್ನು ಆದಷ್ಟು ಕಡಿಮೆ ಸಮಯದಲ್ಲಿ ಆಡಿ ಮುಗಿಸುವುದನ್ನು ಸ್ಪೀಡ್‌ರನ್ ಎನ್ನುತ್ತಾರೆ. ಅದನ್ನೇ ನೇರ ಪ್ರಸಾರ ಮಾಡುತ್ತ ಸಂಪಾದನೆಯ ದಾರಿ ಕಂಡುಕೊಂಡವರೂ ಇದ್ದಾರೆ. ಕಲಿಯಲು ಹೊರಟವರು ಯಾವ ಆಟದಿಂದ ಆರಂಭಿಸಬೇಕೆಂದು ಕೇಳಿದರೆ, ಸಾವಿರ ಸಲ ಆಡಿದರೂ ಬೇಸರ ತರಿಸದ ಚಿಕ್ಕ ಆಟವನ್ನು ಆರಿಸಿಕೊಳ್ಳಿ ಎನ್ನುವುದೇ ನನ್ನ ಉತ್ತರ. ನಿಂಟೆಂಡೊ 1985ರಲ್ಲಿ ಹೊರತಂದ ಸೂಪರ್ ಮಾರಿಯೋ ಬ್ರದರ್ಸ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಟಿವಿಗೆ ನಕಲು ಗೇಮ್ ಪೆಟ್ಟಿಗೆಯೊಂದನ್ನು ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಇದನ್ನು ಆಡಿದವರು ಕರ್ನಾಟಕದಲ್ಲೂ ಬಹಳ ಮಂದಿ. ಹಾಗೆಂದು ಆ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಬೇಕಾಗಿಲ್ಲ. ನಮ್ಮ ಟಿವಿಗಳ ಪಾಲ್ ಎಂಬ ಪ್ರಸಾರ ಪದ್ಧತಿಯಲ್ಲಿ ಸೆಕೆಂಡಿಗೆ 50 ಫ್ರೇಮ್‌ಗಳು (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳು); ಪ್ರಸಿದ್ಧ ದಾಖಲೆಗಳೆಲ್ಲ ಸುಮಾರು 60 ಫ್ರೇಮ್‌ಗಳ ಅಮೆರಿಕ ಮತ್ತು ಜಪಾನ್ ಆವೃತ್ತಿಗಳಿಗೆ ಸೇರಿದವು. 2021ರ ಏಪ್ರಿಲ್‌ನಲ್ಲಿ ಈ ಆಟವನ್ನು 4 ನಿಮಿಷ 54.948 ಸೆಕೆಂಡಿನಲ್ಲಿ ಮುಗಿಸಿ, 4 ನಿಮಿಷ 55 ಸೆಕೆಂಡಿನ ಗಡಿಯನ್ನು ಮೊದಲು ದಾಟಿದ ನಿಫ್ಟ್‌ಸ್ಕಿ ಎಂಬ ಆಟಗಾರ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರನ್ನು ಹಳೆಯ ಗೇಮ್ ಪೆಟ್ಟಿಗೆಯಂತೆ ನಡೆಸುವ ತಂತ್ರಾಂಶ), ಅದೂ ಸಾಧಾರಣ ಕೀಬೋರ್ಡ್ ಒತ್ತುತ್ತ ಆಡುವವನು. ಆದ್ದರಿಂದ ಸಲಕರಣೆಗೆ ದುಡ್ಡು ಸುರಿಯುವ ಆತುರ ಬೇಡ.

ಆಟಕ್ಕೆ ಕೂರುವ ಮೊದಲು, ದಾಖಲೆಗಳ ಪಟ್ಟಿ ಇಡುವ ಸ್ಪೀಡ್‌ರನ್ ಡಾಟ್ ಕಾಮ್ ತಾಣದಲ್ಲಿ ಆ ಆಟದ ನಿಯಮಗಳನ್ನು ಪೂರ್ತಿ ಓದಿಕೊಳ್ಳಿ. ಯಾವ ಎಮ್ಯುಲೇಟರ್ ನಡೆಯುತ್ತದೆ, ಗಡಿಯಾರ ಎಲ್ಲಿ ಆರಂಭವಾಗಿ ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ. ಎನಿ ಪರ್ಸೆಂಟ್ ಎಂಬ ವಿಭಾಗದಲ್ಲಿ ಹೇಗಾದರೂ ಸರಿ, ಕೊನೆ ಮುಟ್ಟಿದರೆ ಸಾಕು. ಆಟದಲ್ಲಿ ಎಂಟು ಲೋಕಗಳಿಗೆ ನಾಲ್ಕರಂತೆ 32 ಹಂತಗಳಿದ್ದರೂ (1-2 ಎಂದರೆ ಮೊದಲ ಲೋಕದ ಎರಡನೆಯ ಹಂತ), 1-2 ಮತ್ತು 4-2ರಲ್ಲಿರುವ, ನೇರ ಮುಂದಿನ ಲೋಕಗಳಿಗೆ ಒಯ್ಯುವ ಗುಪ್ತ ಕೊಳವೆಗಳಿಂದಾಗಿ ಆಡಬೇಕಾದವು ಎಂಟೇ: 1-1, 1-2, 4-1, 4-2, ಆಮೇಲೆ 8-1ರಿಂದ 8-4.

ಈ ಆಟದಲ್ಲಿ ಎಲ್ಲಕ್ಕಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಫ್ರೇಮ್‌ರೂಲ್. ಹಂತ ಮುಗಿದೊಡನೆ ಆಟ ನಿಮ್ಮನ್ನು ಮುಂದಕ್ಕೆ ಬಿಡುವುದಿಲ್ಲ. ಪ್ರತಿ 21 ಫ್ರೇಮ್‌ಗಳಿಗೊಮ್ಮೆ, ಅಂದರೆ ಸುಮಾರು 0.35 ಸೆಕೆಂಡಿಗೊಮ್ಮೆ ಮಾತ್ರ ಬಾಗಿಲು ತೆರೆಯುತ್ತದೆ. ರೈಲ್ವೆ ಗೇಟಿನ ಮುಂದೆ ಮೊದಲು ಬಂದು ನಿಂತ ಬೈಕಿಗೂ ಕೊನೆಯಲ್ಲಿ ಬಂದ ಲಾರಿಗೂ ಗೇಟು ಏಳುವ ಹೊತ್ತು ಒಂದೇ ಆಗಿರುವಂತೆ, ಇಲ್ಲಿ ಐದು ಫ್ರೇಮ್ ಮೊದಲು ತಲುಪಿದವನಿಗೂ ಕೆಲವೊಮ್ಮೆ ಏನೂ ಲಾಭವಿಲ್ಲ, ಒಂದೇ ಫ್ರೇಮ್ ತಡವಾದವನಿಗೆ ಮಾತ್ರ ಇಪ್ಪತ್ತೊಂದೂ ಫ್ರೇಮ್ ನಷ್ಟ. 1-1ರ ಕೊನೆಯ ಕಂಬವನ್ನೇ ನೋಡಿ. ಸಾಮಾನ್ಯವಾಗಿ ಮಾರಿಯೋ ಕಂಬ ಹಿಡಿದು ಜಾರುತ್ತಾನೆ, ಬಾವುಟ ಇಳಿಯುವವರೆಗೆ ಕಾಯಬೇಕು. ಕಂಬದ ಬುಡದಲ್ಲಿರುವ ಕಲ್ಲಿನೊಳಕ್ಕೆ ಸರಿಯಾದ ಪಿಕ್ಸೆಲ್‌ನಲ್ಲಿ ಕಾಲು ಸಿಕ್ಕಿಸಿಕೊಂಡು ಮುಟ್ಟಿದರೆ ಬಾವುಟ ಇಳಿಯುವ ಆ ಕಾಯುವಿಕೆಯೇ ತಪ್ಪುತ್ತದೆ. ಹೊಸಬರು ಆಟದ ದೋಷವನ್ನೇ ಬಳಸಿಕೊಳ್ಳುವ ಈ ಗ್ಲಿಚ್‌ಗೆ ಮೊದಲ ದಿನವೇ ಕೈ ಹಾಕಿ ಸೋತು ಕೈಬಿಡುವುದನ್ನು ಕಂಡಿದ್ದೇನೆ. ಅದಿಲ್ಲದೆಯೂ ಐದೂವರೆ ನಿಮಿಷದೊಳಗೆ ಆಟ ಮುಗಿಸಬಹುದು. ಮೊದಲು ಸಾಯದೆ ಮುಗಿಸುವುದನ್ನು ಕಲಿಯಿರಿ. 8-4ಕ್ಕೆ ಮಾತ್ರ ಫ್ರೇಮ್‌ರೂಲ್‌ನ ಲೆಕ್ಕ ಅನ್ವಯಿಸುವುದಿಲ್ಲ. ಕೊನೆಯ ಕೊಡಲಿಯನ್ನು ಮುಟ್ಟಿದ ಕ್ಷಣಕ್ಕೆ ಗಡಿಯಾರ ನಿಲ್ಲುವುದರಿಂದ ಅಲ್ಲಿ ಪ್ರತಿಯೊಂದು ಫ್ರೇಮ್‌ಗೂ ಬೆಲೆಯಿದೆ, ಕೈ ನಡುಗುವುದೂ ಅಲ್ಲಿಯೇ.

ಅಭ್ಯಾಸಕ್ಕೆ ಎಮ್ಯುಲೇಟರ್‌ನ ಸೇವ್ ಸ್ಟೇಟ್ ಬಳಸಿ. ಕಷ್ಟದ ಜಾಗಕ್ಕೆ ಒಂದು ಹೆಜ್ಜೆ ಮೊದಲು ಆಟವನ್ನು ಉಳಿಸಿಕೊಂಡು, ಆ ಮೂರು ಸೆಕೆಂಡುಗಳನ್ನಷ್ಟೇ ಸತತವಾಗಿ ಹತ್ತು ಸಲ ಸರಿಯಾಗಿ ಬರುವವರೆಗೆ ಆಡಿ. ಪ್ರತಿ ಹಂತದ ಸಮಯವನ್ನು ಗುರುತಿಸಲು ಲೈವ್‌ಸ್ಪ್ಲಿಟ್ ಎಂಬ ಉಚಿತ ತಂತ್ರಾಂಶವಿದೆ. 1-2ರಲ್ಲಿ ಎಡವಿದೊಡನೆ ರೀಸೆಟ್ ಒತ್ತುವ ಚಟ ಎಲ್ಲರಿಗೂ ಅಂಟುತ್ತದೆ. ಹಾಗೆ ಮಾಡಿದರೆ 8-3ನ್ನು ಅಭ್ಯಾಸ ಮಾಡುವ ಅವಕಾಶವೇ ಸಿಗುವುದಿಲ್ಲವಾದ್ದರಿಂದ, ಮೊದಲ ತಿಂಗಳು ಎಷ್ಟೇ ಕೆಟ್ಟರೂ ಕೊನೆಯವರೆಗೆ ಆಡಿ. ಗಂಟೆಗೊಮ್ಮೆ ಎದ್ದು ಮಣಿಕಟ್ಟಿಗೆ ವಿಶ್ರಾಂತಿ ಕೊಡಿ. ನೋವು ಕಂಡರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ.

ಪ್ರಸಾರಕ್ಕೆ ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶ ಸಾಕು, ಅದೂ ಉಚಿತ. ಪ್ರಸಾರದ ಜೊತೆಗೆ ನಿಮ್ಮ ಕಂಪ್ಯೂಟರ್‌ನಲ್ಲೇ ಇನ್ನೊಂದು ಪ್ರತಿ ರೆಕಾರ್ಡ್ ಆಗುತ್ತಿರಲಿ, ಅದು ಎಂಕೆವಿ ಎಂಬ ಕಡತ ರೂಪದಲ್ಲಿರಲಿ. ನನಗೆ ಈ ಪಾಠವಾದದ್ದು ಒಂದು ಮಳೆಗಾಲದ ಸಂಜೆ. ನನ್ನ ಅತ್ಯುತ್ತಮ ರನ್ ಮುಗಿದು, ರೆಕಾರ್ಡಿಂಗ್ ನಿಲ್ಲಿಸುವಷ್ಟರಲ್ಲಿ ಕರೆಂಟ್ ಹೋಯಿತು. ಎಂಪಿ4 ಕಡತ ಆಮೇಲೆ ತೆರೆಯಲೇ ಇಲ್ಲ. ಎಂಕೆವಿ ಆಗಿದ್ದರೆ ಅಲ್ಲಿಯವರೆಗಿನ ಚಿತ್ರವಾದರೂ ಉಳಿಯುತ್ತಿತ್ತು. ಯುಪಿಎಸ್ ಇದ್ದವರು ರೂಟರನ್ನೂ ಅದಕ್ಕೇ ಸೇರಿಸುವುದನ್ನು ಮರೆಯಬಾರದು.

ವಿಡಿಯೋ ಇಲ್ಲದ ದಾಖಲೆಯನ್ನು ಯಾರೂ ಒಪ್ಪುವುದಿಲ್ಲ. ಸಲ್ಲಿಸಿದ ರನ್‌ಗಳನ್ನು ಸ್ವಯಂಸೇವಕ ಮಾಡರೇಟರ್‌ಗಳು ಪರಿಶೀಲಿಸುತ್ತಾರೆ, ಮೇಲಿನ ಸ್ಥಾನಗಳಿಗೆ ಹೋದಷ್ಟೂ ಪರೀಕ್ಷೆ ಕಠಿಣವಾಗುತ್ತದೆ. ಡ್ರೀಮ್ ಎಂಬ ಪ್ರಸಿದ್ಧ ಯೂಟ್ಯೂಬರ್‌ನ ಮೈನ್‌ಕ್ರಾಫ್ಟ್ ರನ್ನನ್ನು 2020ರ ಡಿಸೆಂಬರ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿದ್ದು, ಆಟದಲ್ಲಿ ವಸ್ತುಗಳು ದೊರೆತ ಅದೃಷ್ಟ ನಂಬಲಾಗದಷ್ಟು ಹೆಚ್ಚಾಗಿದೆ ಎಂದು ಸಂಭವನೀಯತೆಯ ಲೆಕ್ಕ ಹಾಕಿಯೇ. ಆತ ಮೊದಲು ಅಲ್ಲಗಳೆದು, ಮರುವರ್ಷ ಮಾರ್ಪಡಿಸಿದ ಆಟ ಬಳಕೆಯಾಗಿತ್ತೆಂದು ಒಪ್ಪಿಕೊಂಡ.

ಇನ್ನು ಹಣದ ಮಾತು. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರ ಜೊತೆಗೆ, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೋ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆಯೋ ಇರಬೇಕು. ಟ್ವಿಚ್ ಎಂಬ ನೇರ ಪ್ರಸಾರದ ತಾಣದಲ್ಲಿ ನೋಡುಗರ ಮಾಸಿಕ ಚಂದಾ ಮುಖ್ಯ ಆದಾಯ. ಎರಡರಲ್ಲೂ ತಿಂಗಳಿಂದ ತಿಂಗಳಿಗೆ ಏರುಪೇರು ಇದ್ದದ್ದೇ. ಕೈಯಲ್ಲಿರುವ ಕೆಲಸವನ್ನು ಬಿಡುವಂತೆ ನಾನಂತೂ ಯಾರಿಗೂ ಹೇಳಲಾರೆ. ಆಡುವಾಗ ಬಾಯಿಗೆ ಬೀಗ ಹಾಕಿಕೊಂಡರೆ ನೋಡುಗರು ನಿಲ್ಲುವುದಿಲ್ಲ, ಆದ್ದರಿಂದ ಏನು ಮಾಡುತ್ತಿದ್ದೀರೆಂದು ವಿವರಿಸುವುದನ್ನೂ ಅಭ್ಯಾಸ ಮಾಡಿಕೊಳ್ಳಿ. 2010ರಲ್ಲಿ ಮೈಕ್ ಉಯಾಮ ಎಂಬವರ ತಾಯಿಯ ಮನೆಯ ನೆಲಮಾಳಿಗೆಯಿಂದ ಪ್ರಸಾರವಾಗಿ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ದೇಣಿಗೆ ಕೂಡಿಸಿದ ಗೇಮ್ಸ್ ಡನ್ ಕ್ವಿಕ್ ಎಂಬ ಸಹಾಯಾರ್ಥ ಮೇಳ ಈಗ ಲಕ್ಷಾಂತರ ಡಾಲರ್ ಕೂಡಿಸುವಷ್ಟು ಬೆಳೆದಿದೆ. ಅದಕ್ಕೆ ಅರ್ಜಿ ಹಾಕುವವರು ತಮ್ಮ ರನ್‌ನ ವಿಡಿಯೋ ಕಳುಹಿಸಬೇಕು. ಆಡುತ್ತಲೇ ವಿವರಿಸುವ ಈ ಅಭ್ಯಾಸ ಕೆಲಸಕ್ಕೆ ಬರುವುದು ಅಲ್ಲಿ.