ನಿಲ್ಲಿಸೋದು ಕಲಿತದ್ದು ಹೀಗೆ

"ಡಾಕ್ಟ್ರೇ, ಇಂಜೆಕ್ಷನ್ ನಿಲ್ಸಿದ್ರಂತೆ. ಅಪ್ಪನ ಕೈ ಬಿಟ್ಬುಟ್ರಾ?"

ಐಸಿಯು ಬಾಗಿಲಲ್ಲಿ ಸಕಲೇಶಪುರ ಕಡೆಯ ಹುಡುಗ ಕೇಳಿದ. ಅವನ ಅಪ್ಪ ಚೇತರಿಸಿಕೊಳ್ಳುತ್ತಿದ್ದರು, ಅದಕ್ಕೇ ನಿಲ್ಲಿಸಿದ್ದೆ.

ನಾನು ಹಾಸನದಲ್ಲಿ ಐಸಿಯು ನೋಡಿಕೊಳ್ಳುವ ವೈದ್ಯ. ಮೊದಲೆಲ್ಲ ಸೆಪ್ಸಿಸ್ (ಸೋಂಕು ಜೋರಾಗಿ ಅಂಗಾಂಗಗಳೇ ಕೆಡುವ ಸ್ಥಿತಿ) ಅಂದರೆ ಹತ್ತು ದಿನವೋ ಹದಿನಾಲ್ಕು ದಿನವೋ ಆಂಟಿಬಯಾಟಿಕ್ ಬರೆಯುತ್ತಿದ್ದೆ. ಯಾಕೆ ಅಷ್ಟು ದಿನ? ರೂಢಿ, ಅಷ್ಟೇ. ಆಮೇಲೆ ರಕ್ತದಲ್ಲಿ ಪ್ರೊಕ್ಯಾಲ್ಸಿಟೋನಿನ್ ಅನ್ನೋ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ಟೆಸ್ಟ್ ಕೈಗೆ ಸಿಕ್ಕಿತು. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಕೆಲವೇ ಗಂಟೆಗಳಲ್ಲಿ ಈ ಪ್ರೋಟೀನ್ ರಕ್ತದಲ್ಲಿ ಏರುತ್ತದೆ. ಸೋಂಕು ಹತೋಟಿಗೆ ಬಂದರೆ ಹೆಚ್ಚುಕಡಿಮೆ ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಸೋಂಕು, ಉರಿಯೂತ ನೋಡೋಕೆ ಮಾಡಿಸುವ ಇನ್ನೊಂದು ರಕ್ತ ಟೆಸ್ಟ್ ಸಿಆರ್‌ಪಿ ಇಷ್ಟು ಚುರುಕಲ್ಲ.

ಶುರು ಮಾಡೋಕೆ ನಾನು ಈ ಅಂಕಿ ಕಾಯುವುದಿಲ್ಲ. ಬಿಪಿ ಬಿದ್ದಿದ್ದರೆ ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೋಕೆ) ರಕ್ತ ತೆಗೆದು, ಒಂದು ಗಂಟೆಯೊಳಗೆ ಮೊದಲ ಡೋಸ್. ಅಂಕಿ ಬೇಕಾಗುವುದು ನಿಲ್ಲಿಸೋಕೆ. ಅತಿ ಹೆಚ್ಚು ಇದ್ದದ್ದು ಶೇ. 80ರಷ್ಟು ಇಳಿದಿರಬೇಕು, ಇಲ್ಲವೇ ಮಿಲಿಲೀಟರಿಗೆ 0.5 ನ್ಯಾನೊಗ್ರಾಂಗೆ ಬಂದಿರಬೇಕು. ರೋಗಿಯೂ ಸುಧಾರಿಸಿರಬೇಕು. ನೆದರ್ಲ್ಯಾಂಡ್ಸ್‌ನ ಐಸಿಯುಗಳಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ಇದೇ ಲೆಕ್ಕ ನೋಡಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಔಷಧಿಯ ದಿನ ಕಡಿಮೆಯಾಗಿತ್ತು, ಸಾವು ಜಾಸ್ತಿಯಾಗಿರಲಿಲ್ಲ.

ಓದೋದು ಸುಲಭ. ಆ ಹುಡುಗನ ಅಪ್ಪನಿಗೆ ನ್ಯುಮೋನಿಯಾ. ಮೊದಲ ದಿನ 28, ಮರುದಿನ 41. ಔಷಧಿ ಬದಲಿಸೋಣ ಅಂತ ಕೈ ತುರಿಸಿತು, ತಡೆದುಕೊಂಡೆ. ಆಮೇಲೆ 22, 12. ಐದನೇ ದಿನ 7. ಬಿಪಿ ಏರಿಸುವ ಔಷಧಿ ಹಿಂದಿನ ದಿನವೇ ತೆಗೆದಾಗಿತ್ತು, ಆದರೆ ಬಿಳಿ ರಕ್ತಕಣ ಇನ್ನೂ 14,000, ಮಾಮೂಲಿಗಿಂತ ಜಾಸ್ತಿ. "ಸರ್, ನಿಜವಾಗ್ಲೂ ಸ್ಟಾಪ್ ಬರೀಲಾ?" ಅಂದರು ಸಿಸ್ಟರ್. ಬರೀರಿ ಅಂದೆ. ರಾತ್ರಿ ಎರಡು ಸಲ ಫೋನ್ ಮಾಡಿ ಜ್ವರ ಬಂತಾ ಅಂತ ಕೇಳಿದ್ದೂ ನಾನೇ!

ಹುಡುಗನಿಗೆ ರಿಪೋರ್ಟ್ ತೋರಿಸಿ 41, 7 ಎರಡಕ್ಕೂ ಗೀಟು ಹಾಕಿದೆ. "ಹಂಗಾದ್ರೆ ನಾಳೆಯಿಂದ ಇಂಜೆಕ್ಷನ್ ದುಡ್ಡೂ ಇಲ್ವಾ?" ಅಂದ. ಇಲ್ಲ ಅಂದೆ. ಮುಖ ಸ್ವಲ್ಪ ಸಡಿಲವಾಯಿತು. ಟೆಸ್ಟೂ ಅಗ್ಗವಲ್ಲ, ಹಾಗಾಗಿ ಈಗ ಮೊದಲೆರಡು ದಿನ ಬಿಟ್ಟರೆ ದಿನ ಬಿಟ್ಟು ದಿನ ಮಾಡಿಸುತ್ತೇನೆ.

ಮಳೆಗಾಲದಲ್ಲಿ ಮಲೆನಾಡಿಂದ ಬರುವ ಜ್ವರಗಳೇ ಬೇರೆ. ಇಲಿ ಜ್ವರದಲ್ಲೂ, ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಅಂಕಿ ಏರಬಹುದು, ಯಾವ ಜ್ವರ ಅಂತ ಅದು ಹೇಳುವುದಿಲ್ಲ. ಕಂಕುಳು, ತೊಡೆಸಂದು ಎಲ್ಲ ಹುಡುಕಬೇಕು. ಬೀಡಿಯಿಂದ ಸುಟ್ಟಂಥ ಕಪ್ಪು ಕಲೆ ಸಿಕ್ಕರೆ ಅದು ಸ್ಕ್ರಬ್ ಟೈಫಸ್ ಗುರುತು, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಡಬೇಕು. ಕಿಡ್ನಿ ಕೆಟ್ಟವರಲ್ಲಿ ಅಂಕಿ ಪೂರ್ತಿ ಇಳಿಯುವುದೇ ಇಲ್ಲ. ರಕ್ತದ ಕಲ್ಚರ್‌ನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆದರಂತೂ ಈ ಲೆಕ್ಕ ಬೇಡವೇ ಬೇಡ, ಔಷಧಿ ಪೂರ್ತಿ ದಿನ ಕೊಡಬೇಕು.

ಒಮ್ಮೆ ಎಡವಿದ್ದೇನೆ. ಅರಸೀಕೆರೆ ಕಡೆಯ ಒಬ್ಬ ತಾಯಿಗೆ 0.4 ಬಂತು, ನಿಲ್ಲಿಸಿದೆ. ಮೂರನೇ ದಿನ ಚಳಿಜ್ವರ. ಸ್ಕ್ಯಾನ್ ಮಾಡಿದರೆ ಶ್ವಾಸಕೋಶದ ಪಕ್ಕ ಕೀವು. ಒಂದೇ ಕಡೆ ಕಟ್ಟಿಕೊಂಡ ಕೀವು ಅಂಕಿ ಏರಿಸದೆಯೂ ಇರಬಹುದು. ಎಕ್ಸ್‌ರೇಯಲ್ಲಿ ನೆರಳು ಕಂಡಿತ್ತು, 0.4ರ ಖುಷಿಯಲ್ಲಿ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಟ್ಯೂಬ್ ಹಾಕಿ ಕೀವು ತೆಗೆದೆವು. ಹನ್ನೆರಡು ದಿನ ಜಾಸ್ತಿ ಉಳಿದು ಮನೆಗೆ ಹೋದರು.

ಈಗ ಚಾರ್ಟಿನಲ್ಲಿ ಅಂಕಿಯ ಪಕ್ಕ ಇನ್ನೊಂದು ಖಾನೆ ಇದೆ: "ಕೀವು ಹುಡುಕಿದ್ರಾ?" ಅಲ್ಲಿ ಟಿಕ್ ಬೀಳದೆ ಸ್ಟಾಪ್ ಬರೆಯೋಕೆ ಸಿಸ್ಟರ್‌ಗಳು ನನ್ನನ್ನೂ ಬಿಡುವುದಿಲ್ಲ.